ಗಾಳಿಯನ್ನು ಕೆಳಕ್ಕೆ ತಳ್ಳುವ ರೆಕ್ಕೆ

ಕೇಳುಗರಿಗೆ ನಮಸ್ಕಾರ.

ವಿಮಾನ ಹಾರುವುದು ಹೇಗೆ ಎಂದರೆ ಹಲವರು ಒಂದು ಸಿದ್ಧ ಉತ್ತರ ಕೊಡುತ್ತಾರೆ. ರೆಕ್ಕೆಯ ಮೇಲ್ಮೈ ಉಬ್ಬಿರುವುದರಿಂದ ಮೇಲಿನ ದಾರಿ ಉದ್ದ. ಮುಂದಿನ ಅಂಚಿನಲ್ಲಿ ಇಬ್ಭಾಗವಾದ ಗಾಳಿ ಹಿಂದಿನ ಅಂಚಿನಲ್ಲಿ ಒಟ್ಟಿಗೆ ಸೇರಬೇಕಾದ್ದರಿಂದ ಮೇಲಿನ ಗಾಳಿ ಅವಸರದಿಂದ ಓಡುತ್ತದೆಯಂತೆ, ಅದರಿಂದ ಅಲ್ಲಿ ಒತ್ತಡ ತಗ್ಗಿ ರೆಕ್ಕೆ ಮೇಲೇಳುತ್ತದೆಯಂತೆ. ಕೇಳಲು ಸೊಗಸು, ಆದರೆ ಹಾಗೆ ಸೇರಲೇಬೇಕೆಂದು ಗಾಳಿಗೆ ಕಟ್ಟಳೆ ಹಾಕಿದವರು ಯಾರೂ ಇಲ್ಲ. ಪ್ರಯೋಗಾಲಯದ ಗಾಳಿ ಸುರಂಗದಲ್ಲಿ ಹೊಗೆ ಹಾಯಿಸಿ ನೋಡಿದರೆ, ಮೇಲಿನ ಪಾಲು ಕೆಳಗಿನದಕ್ಕೆ ಕಾಯದೆ ಮೊದಲೇ ದಾಟಿರುತ್ತದೆ. ಸಾಹಸ ಪ್ರದರ್ಶನದ ವಿಮಾನಗಳಂತೂ ತಲೆಕೆಳಗಾಗಿಯೂ ಹಾರುತ್ತವೆ!

ನಡೆಯುವುದು ಇಷ್ಟು. ರೆಕ್ಕೆಯ ಮುಂದಿನ ಅಂಚು ತುಸು ಮೇಲೆದ್ದಿರುತ್ತದೆ. ಎದುರಾಗುವ ಗಾಳಿ ರೆಕ್ಕೆಯ ಮೈಗುಂಟ ಬಾಗಿ ಹಿಂಬದಿಯಿಂದ ಕೆಳಮುಖವಾಗಿ ಹೊರಡುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಹಾಗೆಂದು, ಹರಿವಿನ ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗಿರುತ್ತದೆ ಎಂದು 1738ರಲ್ಲಿ ಡೇನಿಯಲ್ ಬರ್ನೌಲಿ ಪ್ರಕಟಿಸಿದ ತತ್ತ್ವ ಸುಳ್ಳಾಗುವುದಿಲ್ಲ. ಗಾಳಿ ಬಾಗುವಾಗ ರೆಕ್ಕೆಯ ಮೇಲೆ ಒತ್ತಡ ತಗ್ಗುತ್ತದೆ, ವೇಗ ಹೆಚ್ಚುತ್ತದೆ. ನ್ಯೂಟನ್ನನದೂ ಬರ್ನೌಲಿಯದೂ ಒಂದೇ ಘಟನೆಯ ಎರಡು ಲೆಕ್ಕಗಳು. ಇದರಲ್ಲಿ ಪಕ್ಷ ಕಟ್ಟಿಕೊಂಡು ವಾದಿಸುವುದು ನನಗೆ ವ್ಯರ್ಥವೆನಿಸುತ್ತದೆ.

ಬೆರಗು ಹುಟ್ಟಿಸುವುದು ರೆಕ್ಕೆಯ ಮೇಲ್ಬದಿಗೂ ಕೆಳಬದಿಗೂ ಇರುವ ಒತ್ತಡದ ವ್ಯತ್ಯಾಸ ಎಷ್ಟು ಅಲ್ಪ ಎಂಬುದು. ಬೋಯಿಂಗ್ 747 ವಿಮಾನ ತುಂಬಿದಾಗ ಸುಮಾರು 400 ಟನ್ ತೂಗುತ್ತದೆ. ರೆಕ್ಕೆಗಳ ವಿಸ್ತೀರ್ಣ 500 ಚದರ ಮೀಟರಿಗಿಂತ ತುಸು ಹೆಚ್ಚು. ಭಾಗಿಸಿದರೆ ಚದರ ಮೀಟರೊಂದಕ್ಕೆ ಸುಮಾರು ಮುಕ್ಕಾಲು ಟನ್. ಸಮುದ್ರಮಟ್ಟದಲ್ಲಿ ವಾತಾವರಣ ಅಷ್ಟೇ ಜಾಗದ ಮೇಲೆ 10 ಟನ್ನಿಗೂ ಹೆಚ್ಚಿನ ಭಾರ ಹೇರಿರುತ್ತದೆ. ಅದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ವ್ಯತ್ಯಾಸವಿದ್ದರೆ ಸಾಕು, ಈ ದೈತ್ಯ ನೆಲ ಬಿಡುತ್ತದೆ.

ಎಂಜಿನ್ನಿನ ಮುಖ್ಯ ಕೆಲಸ ಮುಂದಕ್ಕೆ ನೂಕುವುದು. ವೇಗ ಇಮ್ಮಡಿಯಾದರೆ, ರೆಕ್ಕೆ ಗಾಳಿಗೆ ಎದುರಾಗುವ ಕೋನ ಅಷ್ಟೇ ಇದ್ದಾಗ, ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ರನ್‌ವೇ ಮೇಲಿನ ಆ ಓಟವೆಲ್ಲ ಇದಕ್ಕಾಗಿಯೇ.

ಕೋನ ಹೆಚ್ಚಿಸಿದರೂ ಬಲ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ. ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು 15 ಡಿಗ್ರಿ ಮೀರಿದರೆ ಗಾಳಿ ಮೇಲ್ಮೈಯನ್ನು ಬಿಟ್ಟು ಸುಳಿಸುಳಿಯಾಗಿ ಚದುರುತ್ತದೆ, ಬಲ ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುತ್ತಾರೆ. ಎಂಜಿನ್ ಸರಿಯಾಗಿಯೇ ಓಡುತ್ತಿದ್ದರೂ ಇದು ಸಂಭವಿಸಬಹುದು. ಹೀಗೆ ಕುಸಿಯುತ್ತಿರುವ ವಿಮಾನದ ಮೂತಿಯನ್ನು ಎತ್ತಬೇಕೆಂದು ಕೈ ತವಕಿಸುತ್ತದೆ, ಆದರೆ ಪೈಲಟ್ ಅದನ್ನು ತಗ್ಗಿಸಬೇಕು. ಕೋನ ಇಳಿದಾಗ ಗಾಳಿ ಮತ್ತೆ ರೆಕ್ಕೆಯ ಮೈಗುಂಟ ಹರಿಯುತ್ತದೆ; ಕಳೆದುಕೊಂಡ ಎತ್ತರವನ್ನು ಏರುವುದು ಆಮೇಲಿನ ಕೆಲಸ.