ಸಣ್ಣ ಊರು, ದೊಡ್ಡ ಕೇಸು: ಆ್ಯಪಲ್, ಸ್ಯಾಮ್‌ಸಂಗ್‌ಗಳನ್ನು ಕಟಕಟೆಗೆ ಎಳೆಯುವ ಪೂರ್ವ ಟೆಕ್ಸಾಸ್ ಕೋರ್ಟು

[ತೆರೆಯ ಮೇಲೆ: ಫ್ರಿಸ್ಕೋ ನಗರದ ಸ್ಟೋನ್‌ಬ್ರಯರ್ ಮಾಲ್]

2019ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿ ಟೆಕ್ಸಾಸ್‌ನಲ್ಲಿ ಎರಡು ಅಂಗಡಿಗಳಿಗೆ ಬೀಗ ಹಾಕಿತು. ಒಂದು ಪ್ಲೇನೋದಲ್ಲಿ, ಇನ್ನೊಂದು ಪಕ್ಕದ ಫ್ರಿಸ್ಕೋದಲ್ಲಿ. ಎರಡೂ ಕಾಸಿರುವವರು ಓಡಾಡುವ ಏರಿಯಾಗಳು. ಅದೇ ಹೊತ್ತಿಗೆ ಡಲ್ಲಾಸ್‌ನ ಗ್ಯಾಲೆರಿಯಾ ಮಾಲ್‌ನಲ್ಲಿ ಹೊಸ ಅಂಗಡಿ ತೆರೆಯಿತು. ಕಾರಿನಲ್ಲಿ ಹೋದರೆ ಅಂಥ ದೂರವೇನೂ ಇಲ್ಲ. ಮತ್ಯಾಕೆ ಈ ಒದ್ದಾಟ?

ಮ್ಯಾಪ್ ನೋಡಿ.

[ತೆರೆಯ ಮೇಲೆ: ಟೆಕ್ಸಾಸ್ ನಕ್ಷೆ, ನಾಲ್ಕು ಬಣ್ಣಗಳಲ್ಲಿ]

ಪ್ಲೇನೋ, ಫ್ರಿಸ್ಕೋ ಇರುವುದು ಗೆರೆಯ ಈಚೆ. ಗ್ಯಾಲೆರಿಯಾ ಇರುವುದು ಆಚೆ. ಈಚೆ ಇರುವುದು ಟೆಕ್ಸಾಸ್ ಪೂರ್ವ ಜಿಲ್ಲೆಯ ಫೆಡರಲ್ ಕೋರ್ಟಿನ ವ್ಯಾಪ್ತಿ. ಆಚೆ ಉತ್ತರ ಜಿಲ್ಲೆಯದು. ಪೂರ್ವ ಜಿಲ್ಲೆಯಲ್ಲಿ ನಿಮ್ಮದೊಂದು ಅಂಗಡಿ ಇದ್ದರೂ ಸಾಕು, ನಿಮ್ಮ ಮೇಲೆ ಅಲ್ಲಿ ಪೇಟೆಂಟ್ ಕೇಸ್ ಹಾಕಬಹುದು. ಅದೇ ಕಾರಣ ಅಂತ ಆ್ಯಪಲ್ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಬಿಡಿ, ವಕೀಲರಿಗೆಲ್ಲ ಅರ್ಥವಾಗಿತ್ತು.

ಇವತ್ತಿನ ವಿಡಿಯೋ ಈ ಕೋರ್ಟಿನ ಬಗ್ಗೆ. ಅಲ್ಲಿ ಕಾನೂನು ಏನು ಹೇಳುತ್ತದೆ ಅನ್ನುವುದಕ್ಕಿಂತ ಕೇಸು ಯಾವ ಊರಿನಲ್ಲಿ, ಯಾವ ಜಡ್ಜ್ ಮುಂದೆ ಹೋಗುತ್ತದೆ ಅನ್ನುವುದೇ ಎಷ್ಟೋ ಸಲ ದೊಡ್ಡ ಪ್ರಶ್ನೆ. ಕೇಸು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ನಮ್ಮಲ್ಲಿ ಕೇಂದ್ರದ ಕಾನೂನಾದರೂ ರಾಜ್ಯದ ಕಾನೂನಾದರೂ ಕೇಸು ಶುರುವಾಗುವುದು ಅದೇ ಜಿಲ್ಲಾ ಕೋರ್ಟಿನಲ್ಲಿ. ಅಮೆರಿಕದಲ್ಲಿ ಎರಡು ದಾರಿ. ರಾಜ್ಯಕ್ಕೊಂದು ಕೋರ್ಟ್ ವ್ಯವಸ್ಥೆ, ಅದರ ಪಕ್ಕದಲ್ಲೇ ಫೆಡರಲ್ ವ್ಯವಸ್ಥೆ. ಪೇಟೆಂಟ್, ವಲಸೆ ಅಪರಾಧ, ಸಂವಿಧಾನದ ಹಕ್ಕು, ಇಂಥವು ಫೆಡರಲ್ ಕೋರ್ಟಿಗೆ ಹೋಗುತ್ತವೆ. ವಿಚಾರಣೆ ನಡೆಸುವ ಇಂಥ ಫೆಡರಲ್ ಜಿಲ್ಲಾ ಕೋರ್ಟುಗಳು ದೇಶದಲ್ಲಿ ಒಟ್ಟು 94 ಇವೆ. ಟೆಕ್ಸಾಸ್‌ನಲ್ಲೇ ನಾಲ್ಕು. ಜಡ್ಜ್‌ಗಳ ಹೆಸರನ್ನು ಅಧ್ಯಕ್ಷರು ಸೂಚಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ನಿವೃತ್ತಿ ವಯಸ್ಸು ಅನ್ನುವುದೇ ಇಲ್ಲ.

ಪೂರ್ವ ಜಿಲ್ಲೆ ಹುಟ್ಟಿದ್ದು 1857ರಲ್ಲಿ. ಇವತ್ತು ಅದರಲ್ಲಿ 43 ಕೌಂಟಿಗಳಿವೆ (ಕೌಂಟಿ ಅಂದರೆ ರಾಜ್ಯದೊಳಗಿನ ಆಡಳಿತದ ಭಾಗ). ಹ್ಯೂಸ್ಟನ್ ದಕ್ಷಿಣ ಜಿಲ್ಲೆಗೆ ಹೋಯಿತು, ಡಲ್ಲಾಸ್ ಉತ್ತರಕ್ಕೆ, ಆಸ್ಟಿನ್ ಮತ್ತು ಸ್ಯಾನ್ ಆಂಟೋನಿಯೋ ಪಶ್ಚಿಮಕ್ಕೆ. ಪೂರ್ವಕ್ಕೆ ಉಳಿದದ್ದು ಪೈನ್ ಮರದ ಕಾಡು, ಎಣ್ಣೆ ಬಾವಿ, ಚರ್ಚು, ಸಣ್ಣ ಪಟ್ಟಣಗಳು. ಪ್ಲೇನೋ, ಫ್ರಿಸ್ಕೋ ಬೆಳೆದದ್ದು ಈಚೆಗೆ. ಕೋರ್ಟ್ ಕೂರುವ ಊರುಗಳು: ಟೈಲರ್, ಮಾರ್ಷಲ್, ಟೆಕ್ಸರ್ಕಾನಾ, ಬ್ಯೂಮಾಂಟ್, ಲಫ್ಕಿನ್, ಶೆರ್ಮನ್. ಜೊತೆಗೆ ಪ್ಲೇನೋದಲ್ಲೂ ಒಂದು ಕಟ್ಟಡ ಇದೆ. ಉತ್ತರದ ಶೆರ್ಮನ್‌ನಿಂದ ದಕ್ಷಿಣದ ಬ್ಯೂಮಾಂಟ್‌ಗೆ ಕಾರಿನಲ್ಲಿ ಐದಾರು ಗಂಟೆ ಬೇಕು.

[ತೆರೆಯ ಮೇಲೆ: ಟೆಕ್ಸರ್ಕಾನಾ ಕೋರ್ಟ್ ಕಟ್ಟಡದ ಮುಂಭಾಗ]

ಕಟ್ಟಡಗಳ ಪೈಕಿ ನನಗೆ ಇಷ್ಟವಾದದ್ದು ಇದು. 1933ರಲ್ಲಿ ಮುಗಿದ ಟೆಕ್ಸರ್ಕಾನಾ ಫೆಡರಲ್ ಕಟ್ಟಡ. ಟೆಕ್ಸಾಸ್ ಮತ್ತು ಆರ್ಕನ್ಸಾ ರಾಜ್ಯಗಳ ಗಡಿ ಈ ಕಟ್ಟಡದ ನಟ್ಟನಡುವೆ ಹಾದುಹೋಗುತ್ತದೆ. ಬುಡಕ್ಕೆ ಟೆಕ್ಸಾಸ್‌ನ ಗುಲಾಬಿ ಗ್ರಾನೈಟ್ ಹಾಕಿದ್ದಾರೆ, ಮೇಲಿನ ಗೋಡೆಗೆ ಆರ್ಕನ್ಸಾ ಸುಣ್ಣಕಲ್ಲು. ಇಬ್ಬರಿಗೂ ಬೇಜಾರಾಗಬಾರದು ಅಲ್ವಾ! ಒಳಗೆ ಎರಡು ಬೇರೆ ಬೇರೆ ಫೆಡರಲ್ ಜಿಲ್ಲೆಗಳು ಕೋರ್ಟ್ ನಡೆಸುತ್ತವೆ. ಕೆಳಗೆ ಪೋಸ್ಟ್ ಆಫೀಸ್. ಕಟ್ಟಡದ ಮುಂದೆ ನಿಂತು ಒಂದು ಕಾಲು ಈ ರಾಜ್ಯ, ಒಂದು ಕಾಲು ಆ ರಾಜ್ಯ ಅಂತ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ಮಾಮೂಲಿ.

ಬ್ಯೂಮಾಂಟ್‌ನ ಒಂದು ಕೇಸು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಆಸ್ಬೆಸ್ಟಾಸ್ ಧೂಳು ಕುಡಿದು ಕಾಯಿಲೆ ಬಿದ್ದ ಬೊರೆಲ್ ಅನ್ನುವ ಕಾರ್ಮಿಕರ ಪರವಾಗಿ ಅಲ್ಲಿನ ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಮಾನ ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪು, 1971ರಲ್ಲಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. 1973ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಆಸ್ಬೆಸ್ಟಾಸ್ ಕಂಪನಿಗಳನ್ನು ದಿವಾಳಿ ಎಬ್ಬಿಸಿದ ಸಾವಿರಾರು ಕೇಸುಗಳಿಗೆ ದಾರಿ ತೆರೆದದ್ದು ಅದೇ.

ಈಗ ಟೈಲರ್‌ಗೆ ಬರೋಣ.

[ತೆರೆಯ ಮೇಲೆ: ವಿಲಿಯಂ ವೇಯ್ನ್ ಜಸ್ಟಿಸ್ ಅವರ ಕಪ್ಪು ಬಿಳುಪು ಚಿತ್ರ]

1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಇಲ್ಲಿಗೆ ಒಬ್ಬ ಜಡ್ಜ್‌ನ ನೇಮಿಸಿದರು. ಹೆಸರು ವಿಲಿಯಂ ವೇಯ್ನ್ ಜಸ್ಟಿಸ್. ಜಸ್ಟಿಸ್ ಅನ್ನುವುದು ಮನೆತನದ ಹೆಸರು, ಹುದ್ದೆ ಅಲ್ಲ. ಇದೇ ಪೂರ್ವ ಟೆಕ್ಸಾಸ್‌ನ ಮನುಷ್ಯ. ಬಂದು ಎರಡೇ ವರ್ಷಕ್ಕೆ ಕಪ್ಪು ಮಕ್ಕಳನ್ನು ಬೇರೆ ಕೂರಿಸುವ ಶಾಲೆಗಳ ವಿರುದ್ಧ ಆದೇಶ ಕೊಟ್ಟರು. ಒಂದೆರಡು ಶಾಲೆಗಲ್ಲ, ರಾಜ್ಯದ ಶಿಕ್ಷಣ ಇಲಾಖೆಗೇ. ಟೆಕ್ಸಾಸ್‌ನ ಸಾವಿರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿಗೆ ಅದು ತಟ್ಟಿತು.

ಆಮೇಲೆ ಜೈಲು. 1972ರಲ್ಲಿ ಡೇವಿಡ್ ರೂಯಿಸ್ ಅನ್ನುವ ಕೈದಿ ಕೈಯಲ್ಲಿ ಬರೆದ ಅರ್ಜಿಯೊಂದು ಇವರ ಮುಂದೆ ಬಂತು. ಕೈದಿಗಳು ನೆಲದ ಮೇಲೆ ಒತ್ತೊತ್ತಾಗಿ ಮಲಗುತ್ತಿದ್ದರು. ಕಾವಲಿಗೆ ಸಿಬ್ಬಂದಿ ಸಾಲದೆ, ಬಲಿಷ್ಠ ಕೈದಿಗಳ ಕೈಗೇ ಉಳಿದವರನ್ನು ಹದ್ದುಬಸ್ತಿನಲ್ಲಿಡುವ ಕೆಲಸ ಕೊಟ್ಟಿದ್ದರು. ವಿಚಾರಣೆ 1978ರಲ್ಲಿ ಶುರುವಾಗಿ 159 ದಿನ ನಡೆಯಿತು, 349 ಸಾಕ್ಷಿಗಳು ಬಂದರು. 1980ರಲ್ಲಿ ತೀರ್ಪು: ಇಡೀ ಟೆಕ್ಸಾಸ್ ಜೈಲು ವ್ಯವಸ್ಥೆಯೇ ಸಂವಿಧಾನಕ್ಕೆ ವಿರುದ್ಧ. ಅದರ ಮೇಲೆ ಕೋರ್ಟಿನ ಉಸ್ತುವಾರಿ ಮುಗಿದದ್ದು 2002ರಲ್ಲಿ!

ಆದರೆ ನನ್ನ ಮನಸ್ಸಿನಲ್ಲಿ ಉಳಿದ ಕೇಸು ಬೇರೆ. 1977ರಲ್ಲಿ ಟೈಲರ್‌ನ ಶಾಲಾ ಆಡಳಿತ ಒಂದು ನಿಯಮ ಮಾಡಿತು. ದಾಖಲೆ ಇಲ್ಲದೆ ಬಂದ ವಲಸಿಗರ ಮಕ್ಕಳು ಶಾಲೆಗೆ ಬರಬೇಕಾದರೆ ವರ್ಷಕ್ಕೆ 1,000 ಡಾಲರ್ ಕಟ್ಟಬೇಕು. ಗುಲಾಬಿ ತೋಟಗಳಲ್ಲಿ, ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ದುಡಿಯುವವರು ಅಷ್ಟು ಎಲ್ಲಿಂದ ತರಬೇಕು? ನಾಲ್ಕು ಮೆಕ್ಸಿಕನ್ ಕುಟುಂಬಗಳು ಕೋರ್ಟಿಗೆ ಬಂದವು. ಹೆಸರು ಹೊರಬಿದ್ದರೆ ಗಡೀಪಾರು ಖಚಿತ. ಅದಕ್ಕೆ ಜಡ್ಜ್ ಬೆಳಗಿನ ಜಾವ ಆರು ಗಂಟೆಗೆ ವಿಚಾರಣೆ ಇಟ್ಟರು, ಯಾರ ಕಣ್ಣಿಗೂ ಬೀಳದಿರಲಿ ಅಂತ. ಅಲ್ಲಿಂದಲೇ ಹಿಡಿದು ಗಡಿ ದಾಟಿಸಿಬಿಟ್ಟರೆ ಅನ್ನುವ ಭಯಕ್ಕೆ, ಮನೆ ಸಾಮಾನೆಲ್ಲ ಕಾರಿಗೆ ತುಂಬಿಕೊಂಡು ಬಂದವರೂ ಇದ್ದರು. ಜಡ್ಜ್ ಮಕ್ಕಳ ಪರ ನಿಂತರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1982ರಲ್ಲಿ 5–4ರಿಂದ ಅದೇ ತೀರ್ಪು ಉಳಿಯಿತು. ಅಮೆರಿಕದಲ್ಲಿ ಕಾಗದಪತ್ರ ಇಲ್ಲದವರ ಮಕ್ಕಳೂ ಇವತ್ತು ಸರ್ಕಾರಿ ಶಾಲೆಗೆ ಹೋಗುತ್ತಿರುವುದು ಈ ಕೇಸಿನಿಂದ.

ಊರಿನವರು ಜಡ್ಜ್‌ನ ಕ್ಷಮಿಸಲಿಲ್ಲ. ಮನೆ ರಿಪೇರಿಗೆ ಬಡಗಿಗಳು ಬರುತ್ತಿರಲಿಲ್ಲ. ಬ್ಯೂಟಿ ಪಾರ್ಲರ್‌ನವರು ಅವರ ಹೆಂಡತಿಯನ್ನು ವಾಪಸ್ ಕಳಿಸುತ್ತಿದ್ದರು. ಆದರೆ ಹಕ್ಕಿಗಾಗಿ ಹೋರಾಡುವ ವಕೀಲರಿಗೆ ಇವರ ಕೋರ್ಟೇ ಬೇಕಿತ್ತು. ಇಂಥ ಜಡ್ಜ್ ಇಲ್ಲಿದ್ದಾರೆ, ಇಲ್ಲೇ ಕೇಸು ಹಾಕೋಣ ಅನ್ನುವ ಲೆಕ್ಕಾಚಾರ ಈ ಜಿಲ್ಲೆಯಲ್ಲಿ ಪೇಟೆಂಟ್‌ಗಿಂತ ಹಳೆಯದು.

[ತೆರೆಯ ಮೇಲೆ: ಮಾರ್ಷಲ್ ಊರಿನ ಚೌಕ, ಚಳಿಗಾಲದ ದೀಪಾಲಂಕಾರ]

ಈಗ ಮಾರ್ಷಲ್. ಜನಸಂಖ್ಯೆ ಸುಮಾರು 23,000. ಲೂಸಿಯಾನಾ ಗಡಿ ಹತ್ತಿರ. ಹಿಮ ಬೀಳುವುದೇ ಅಪರೂಪ ಇಲ್ಲಿ. ಆದರೂ ಚಳಿಗಾಲದಲ್ಲಿ ಫೆಡರಲ್ ಕೋರ್ಟಿನ ಪಕ್ಕದಲ್ಲೇ ಮಕ್ಕಳಿಗೆ ಐಸ್ ಸ್ಕೇಟಿಂಗ್ ಅಂಗಳ ಹಾಕುತ್ತಿದ್ದರು. ಖರ್ಚು ಯಾರದು? ಸ್ಯಾಮ್‌ಸಂಗ್‌ನದು. ಶಾಲಾ ಮಕ್ಕಳಿಗೆ ಸ್ಕಾಲರ್‌ಶಿಪ್ ಬೇರೆ. ಟಿವೋ ಕಂಪನಿ ತನ್ನ ಕೇಸಿನ ಹೊತ್ತಿಗೆ ಇಲ್ಲಿನ ಜಾನುವಾರು ಮೇಳದಲ್ಲಿ ಬಹುಮಾನ ಗೆದ್ದ ಹೋರಿಯನ್ನೇ ಖರೀದಿಸಿತು. ಸುಮ್ನೆ ದಾನಧರ್ಮ ಅಂದುಕೊಂಡರೆ ನೀವು ತುಂಬಾ ಒಳ್ಳೆಯವರು.

ಜ್ಯೂರಿಗೆ ಬರುವುದು ಇದೇ ಊರಿನ ಜನ ತಾನೇ!

ಪೇಟೆಂಟ್ ಕೇಸುಗಳು ಈ ಊರಿಗೆ ಬರಲು ಶುರುವಾದದ್ದು 1990ರ ದಶಕದಲ್ಲಿ. ಡಲ್ಲಾಸ್‌ನ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ತನ್ನ ಪೇಟೆಂಟ್ ಕೇಸುಗಳು ಬೇಗ ಮುಗಿಯಬೇಕಿತ್ತು. ಡಲ್ಲಾಸ್ ಕೋರ್ಟಿನಲ್ಲಿ ಉದ್ದ ಕ್ಯೂ. ಮಾರ್ಷಲ್‌ನಲ್ಲಿ ಕ್ಯೂ ಇರಲಿಲ್ಲ. 1999ರಲ್ಲಿ ಟಿ. ಜಾನ್ ವಾರ್ಡ್ ಇಲ್ಲಿ ಜಡ್ಜ್ ಆದರು. ಸಿಲಿಕಾನ್ ವ್ಯಾಲಿ ಇರುವ ಉತ್ತರ ಕ್ಯಾಲಿಫೋರ್ನಿಯಾ ಕೋರ್ಟಿನ ಪೇಟೆಂಟ್ ನಿಯಮಗಳನ್ನು ತಂದು ಇಲ್ಲಿಗೆ ಒಗ್ಗಿಸಿದರು. ಇಷ್ಟೇ ಪುಟ ಬರೆಯಿರಿ, ಇಷ್ಟೇ ಗಂಟೆ ವಾದ ಮಾಡಿ, ಇಂಥ ದಿನ ವಿಚಾರಣೆ. ವಾಯಿದೆ ಮೇಲೆ ವಾಯಿದೆ ಕೇಳುವ ಆಟ ನಡೆಯುತ್ತಿರಲಿಲ್ಲ. ಕೇಸು ಹಾಕುವವರಿಗೆ ಇದಕ್ಕಿಂತ ಏನು ಬೇಕು? ಕೋರ್ಟಿನ ಸುತ್ತ ಬರೀ ಬೋರ್ಡು ಹಾಕಿದ, ಒಳಗೆ ಒಬ್ಬರೂ ಇಲ್ಲದ ಆಫೀಸುಗಳು ಹುಟ್ಟಿಕೊಂಡವು. ಪೇಟೆಂಟ್ ಹಿಡಿದುಕೊಂಡು ಕೇಸು ಹಾಕುವುದಷ್ಟೇ ಆ ಕಂಪನಿಗಳ ವ್ಯವಹಾರ. ಏನನ್ನೂ ತಯಾರಿಸುವುದಿಲ್ಲ.

2011ರಲ್ಲಿ ವಾರ್ಡ್ ಹೋದರು, ಮಾರ್ಷಲ್‌ನಲ್ಲೇ ವಕೀಲಿ ಮಾಡಿಕೊಂಡಿದ್ದ ರಾಡ್ನಿ ಗಿಲ್‌ಸ್ಟ್ರಾಪ್ ಬಂದರು. 2015ರಲ್ಲಿ ಇಡೀ ಅಮೆರಿಕದ ಪೇಟೆಂಟ್ ಕೇಸುಗಳಲ್ಲಿ ಶೇಕಡ 40ಕ್ಕಿಂತ ಜಾಸ್ತಿ ಈ ಒಂದೇ ಜಿಲ್ಲೆಗೆ ಬಂದವು. ಅದರಲ್ಲಿ ಬಹುಪಾಲು ಈ ಒಬ್ಬರ ಮೇಜಿಗೆ. ದೇಶದಲ್ಲಿ ನೂರಾರು ಫೆಡರಲ್ ಜಡ್ಜ್‌ಗಳಿದ್ದಾರೆ ಅನ್ನುವುದನ್ನು ಮರೆಯಬೇಡಿ.

ಈ ಸಣ್ಣ ಊರುಗಳ ಸಾಕ್ಷಿ ಕಟ್ಟೆಗೆ ಎಂಥೆಂಥವರು ಬಂದರು ಗೊತ್ತಾ? 2012ರ ಫೆಬ್ರವರಿಯಲ್ಲಿ ಟೈಲರ್‌ಗೆ ಟಿಮ್ ಬರ್ನರ್ಸ್-ಲೀ ಬಂದರು. ವರ್ಲ್ಡ್ ವೈಡ್ ವೆಬ್ ಕಂಡುಹಿಡಿದವರು. ಇಯೋಲಾಸ್ ಅನ್ನುವ ಕಂಪನಿ, ವೆಬ್ ಪೇಜಿನಲ್ಲಿ ಬಳಕೆದಾರರು ಏನಾದರೂ ಆಡಿಸುವ, ತಿರುಗಿಸುವ ತಂತ್ರಕ್ಕೆಲ್ಲ ತನ್ನದೇ ಪೇಟೆಂಟ್ ಅಂತ ಗೂಗಲ್, ಅಮೆಜಾನ್ ಮೇಲೆ ಬಿದ್ದಿತ್ತು. ಜ್ಯೂರಿ ಕೆಲವೇ ಗಂಟೆಯಲ್ಲಿ ಆ ಪೇಟೆಂಟ್‌ಗಳೇ ಊರ್ಜಿತವಲ್ಲ ಅಂದಿತು.

ಮಾರ್ಷಲ್‌ನಲ್ಲಿ ಅಂಥ ಅದೃಷ್ಟ ಇರಲಿಲ್ಲ. 2013ರ ನವೆಂಬರ್‌ನಲ್ಲಿ ನ್ಯೂಎಗ್ ಅನ್ನುವ ಆನ್‌ಲೈನ್ ಅಂಗಡಿಯ ಪರ ವಿಟ್‌ಫೀಲ್ಡ್ ಡಿಫಿ ಸಾಕ್ಷಿ ಹೇಳಿದರು. ಉದ್ದ ಬಿಳಿ ಕೂದಲು, ಗಡ್ಡ. ನೀವು ಬ್ಯಾಂಕ್ ವೆಬ್‌ಸೈಟ್ ತೆರೆದಾಗ ಕಾಣುವ ಆ ಬೀಗದ ಗುರುತಿನ ಹಿಂದಿನ ಗಣಿತಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಎದುರಾಳಿ ವಕೀಲರು ಅವರನ್ನು ಕೆಣಕಿದ್ದು ಹೇಗೆ ಅಂದರೆ, ನಿಮ್ಮ ಹತ್ತಿರ ಸ್ನಾತಕೋತ್ತರ ಡಿಗ್ರಿ ಇಲ್ಲ ಅಲ್ವಾ ಅಂತ! ನ್ಯೂಎಗ್ 23 ಲಕ್ಷ ಡಾಲರ್ ಪರಿಹಾರ ಕಟ್ಟಬೇಕು ಅಂತ ಜ್ಯೂರಿ ಹೇಳಿತು. 2015ರಲ್ಲಿ ಗಿಲ್‌ಸ್ಟ್ರಾಪ್ ಅವರೇ ಅದನ್ನು ತೆಗೆದುಹಾಕಿದರು. ಅವರು ಬರೀ ಕೇಸು ಹಾಕುವವರ ಪರ ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಫಿಗೆ ಸ್ವಲ್ಪ ಸಮಯದಲ್ಲೇ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ (2015ರದು) ಬಂತು.

[ತೆರೆಯ ಮೇಲೆ: ಅಮೆರಿಕದ ಸುಪ್ರೀಂ ಕೋರ್ಟ್]

2017ರ ಮೇ 22ಕ್ಕೆ ಸುಪ್ರೀಂ ಕೋರ್ಟ್ ಬ್ರೇಕ್ ಹಾಕಿತು. ಟಿಸಿ ಹಾರ್ಟ್‌ಲ್ಯಾಂಡ್ ಕೇಸು. ಅದು ಟೆಕ್ಸಾಸ್‌ನದೂ ಅಲ್ಲ, ಡೆಲವೇರ್‌ನಿಂದ ಬಂದದ್ದು. ಕಂಪನಿ ಎಲ್ಲಿ ನೋಂದಣಿ ಆಗಿದೆಯೋ ಅಲ್ಲಿ, ಇಲ್ಲವೇ ಎಲ್ಲಿ ಅದರ ಖಾಯಂ ವ್ಯವಹಾರದ ಜಾಗ ಇದ್ದು ಪೇಟೆಂಟ್ ಉಲ್ಲಂಘನೆ ನಡೆದಿದೆಯೋ ಅಲ್ಲಿ ಮಾತ್ರ ಕೇಸು ಹಾಕಬೇಕು. ಆ ಜಾಗ ಅಂದರೆ ಏನು ಅನ್ನುವುದನ್ನು ಗಿಲ್‌ಸ್ಟ್ರಾಪ್ ಸಡಿಲವಾಗಿ ಓದಿದರು. ಅದೇ ಸೆಪ್ಟೆಂಬರ್‌ನಲ್ಲಿ ಪೇಟೆಂಟ್ ಮೇಲ್ಮನವಿ ನೋಡುವ ಫೆಡರಲ್ ಸರ್ಕ್ಯೂಟ್ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಣ್ಣಿಗೆ ಕಾಣುವ, ಕಂಪನಿಗೇ ಸೇರಿದ ಜಾಗ ಇರಬೇಕು ಅಂದಿತು. ಆ್ಯಪಲ್ ಅಂಗಡಿ ಮುಚ್ಚಿದ್ದರ ಹಿನ್ನೆಲೆ ಈಗ ಗೊತ್ತಾಯಿತಲ್ಲ.

ಕೇಸುಗಳು ನಿಂತುಹೋದವಾ? ಇಲ್ಲ, ಪಕ್ಕದ ಮನೆಗೆ ಹೋದವು. ಪಶ್ಚಿಮ ಜಿಲ್ಲೆಯ ವೇಕೋ ಊರಿಗೆ 2018ರಲ್ಲಿ ಬಂದ ಜಡ್ಜ್ ಅಲನ್ ಆಲ್‌ಬ್ರೈಟ್ ಪೇಟೆಂಟ್ ಕೇಸುಗಳಿಗೆ ಕೈಬೀಸಿ ಕರೆದರು. 2022ರ ಜುಲೈನಲ್ಲಿ ಅಲ್ಲಿನ ಮುಖ್ಯ ಜಡ್ಜ್, ವೇಕೋದ ಪೇಟೆಂಟ್ ಕೇಸುಗಳನ್ನು ಜಿಲ್ಲೆಯ ಹನ್ನೆರಡು ಜಡ್ಜ್‌ಗಳಿಗೆ ಹಂಚಿ ಅಂತ ಆದೇಶ ಮಾಡಿದರು. ಮತ್ತೆ ಮಾರ್ಷಲ್ ರಸ್ತೆ ತುಂಬಿತು. 2023ರಲ್ಲಿ ಮೆಮೊರಿ ಚಿಪ್ ಕೇಸಿನಲ್ಲಿ ನೆಟ್‌ಲಿಸ್ಟ್ ಅನ್ನುವ ಕಂಪನಿಗೆ 30.3 ಕೋಟಿ ಡಾಲರ್ ಕೊಡಬೇಕು ಅಂತ ಇಲ್ಲಿನ ಜ್ಯೂರಿ ಹೇಳಿದ್ದು ಯಾರಿಗೆ? ಸ್ಯಾಮ್‌ಸಂಗ್‌ಗೆ. ಐಸ್ ಅಂಗಳ ಕೈಹಿಡಿಯಲಿಲ್ಲ.

ನಮ್ಮವರಿಗೂ ಈ ಕೋರ್ಟು ಹೊಸದಲ್ಲ. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್, ವೀಸಾ ವಿಚಾರದ ತನಿಖೆಯಲ್ಲಿ 3.4 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡದ್ದು ಇದೇ ಜಿಲ್ಲೆಯಲ್ಲಿ. ಪ್ಲೇನೋದಲ್ಲಿ ಅದರ ಆಫೀಸ್ ಇತ್ತು. ಎಚ್-1ಬಿ ಕೆಲಸದ ವೀಸಾ ಬದಲು, ವ್ಯವಹಾರದ ಭೇಟಿಗಷ್ಟೇ ಇರುವ ಬಿ-1 ವೀಸಾದಲ್ಲಿ ಜನರನ್ನು ಕರೆತಂದು ಕೆಲಸ ಮಾಡಿಸಿದರು ಅನ್ನುವುದು ಸರ್ಕಾರದ ಆರೋಪ. ಇನ್ಫೋಸಿಸ್ ಅದನ್ನು ಒಪ್ಪಲಿಲ್ಲ, ನೌಕರರ ದಾಖಲೆ ಪತ್ರಗಳಲ್ಲಿ ತಪ್ಪುಗಳಾಗಿವೆ ಅಂತ ಮಾತ್ರ ಒಪ್ಪಿತು. ಅಮೆರಿಕದಲ್ಲಿ ಸಣ್ಣ ಕಂಪನಿ ನಡೆಸುವವರಿಗೆ 2024ರ ಡಿಸೆಂಬರ್ ನೆನಪಿರಬಹುದು. ಕಂಪನಿ ಮಾಲೀಕರ ವಿವರ ಸರ್ಕಾರಕ್ಕೆ ಕೊಡಬೇಕು ಅನ್ನುವ ಕಾನೂನಿಗೆ ಇಡೀ ದೇಶದಲ್ಲಿ ತಡೆ ಕೊಟ್ಟದ್ದು ಶೆರ್ಮನ್‌ನ ಜಡ್ಜ್ ಏಮಸ್ ಮ್ಯಾಜಂಟ್. ತಡೆ ಬಂತು, ಹೋಯಿತು, ಮೂರೇ ದಿನಕ್ಕೆ ಮತ್ತೆ ಬಂತು. ಕೊನೆಗೆ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಪಕ್ಕಕ್ಕಿಟ್ಟಿತು. ಅಕೌಂಟೆಂಟ್‌ಗಳ ಕ್ರಿಸ್‌ಮಸ್ ರಜೆ ಅಂತೂ ಹಾಳಾಯಿತು.

ಇಂಥ ದೇಶವ್ಯಾಪಿ ಕೇಸುಗಳನ್ನು ಒಬ್ಬನೇ ಜಡ್ಜ್ ಇರುವ ಊರು ನೋಡಿ ಹಾಕುವುದನ್ನು ತಪ್ಪಿಸಲು, 2024ರ ಮಾರ್ಚ್‌ನಲ್ಲಿ ಫೆಡರಲ್ ಕೋರ್ಟುಗಳ ನೀತಿ ಮಂಡಳಿ ಲಾಟರಿ ಮಾದರಿಯಲ್ಲಿ ಹಂಚಿ ಅಂತ ಹೇಳಿತು. ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಪೇಟೆಂಟ್ ಕೇಸುಗಳಿಗೆ ಅದು ಅನ್ವಯವೂ ಆಗುವುದಿಲ್ಲ.

[ತೆರೆಯ ಮೇಲೆ: ಜ್ಯೂರಿ ಸಮನ್ಸ್ ಪತ್ರದ ಮಾದರಿ]

ಪ್ಲೇನೋ, ಫ್ರಿಸ್ಕೋದಲ್ಲಿರುವ ಕನ್ನಡಿಗರಿಗೆ ಕೊನೆಯದಾಗಿ ಒಂದು ಮಾತು. ಸಿಟಿಜನ್‌ಶಿಪ್ ತೆಗೆದುಕೊಂಡಿದ್ದರೆ ಈ ಕೋರ್ಟಿನಿಂದ ನಿಮಗೂ ಜ್ಯೂರಿ ಪತ್ರ ಬರಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಆ ಅವಕಾಶ ಇಲ್ಲ. ದಿನಕ್ಕೆ 50 ಡಾಲರ್ ಭತ್ಯೆ. ನಿಮ್ಮ ಕಾಲಿನ್ ಕೌಂಟಿ ಸೇರುವುದು ಶೆರ್ಮನ್ ವಿಭಾಗಕ್ಕೆ, ಹಾಗಾಗಿ ಮಾರ್ಷಲ್‌ಗೆ ಕರೆಯುವುದಿಲ್ಲ. ಅಲ್ಲಿನ ಜ್ಯೂರಿ ಬರುವುದು ಹ್ಯಾರಿಸನ್, ಕ್ಯಾಂಪ್, ಕ್ಯಾಸ್, ಮರಿಯನ್, ಮಾರಿಸ್, ಅಪ್ಶರ್ ಅನ್ನುವ ಆರು ಕೌಂಟಿಗಳಿಂದ. ಪೇಟೆಂಟ್ ಅಂದರೆ ಏನು ಅಂತ ಮೊದಲು ಅವರಿಗೊಂದು ವಿಡಿಯೋ ತೋರಿಸುತ್ತಾರೆ. ಆಮೇಲೆ ಎಲ್ಲರೂ ಒಂದೇ ಮಾತಿಗೆ ಬರಬೇಕು, ಬಹುಮತ ಸಾಲದು. ಶೆರ್ಮನ್ ಅಥವಾ ಪ್ಲೇನೋದಲ್ಲಿ ಹೀಗೆ ಜ್ಯೂರಿಯಲ್ಲಿ ಕೂತು ಬಂದವರು ಯಾರಾದರೂ ಇದ್ದರೆ, ಆಯ್ಕೆಯ ದಿನ ವಕೀಲರು ನಿಮ್ಮನ್ನು ಏನೇನು ಕೇಳಿದರು ಅಂತ ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ.