ಧೀರೇಂದ್ರನಾಥ ದತ್ತ: ಸಂವಿಧಾನ ಸಭೆಯಲ್ಲಿ ಬಂಗಾಳಿಯ ದನಿ

ಮಾನ್ಯರೇ,

ಬಂಗಾಳಿ ಭಾಷಾ ಚಳವಳಿಯೆಂದೊಡನೆ ನಮಗೆ ನೆನಪಾಗುವುದು 1952ರ ಫೆಬ್ರವರಿ 21 ಮತ್ತು ಅಂದು ಢಾಕಾದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ತರುಣರು. ಅದಕ್ಕೂ ನಾಲ್ಕು ವರ್ಷ ಮೊದಲೇ ಅದೇ ಭಾಷೆಯ ಪರವಾಗಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಎದ್ದು ನಿಂತವರು ಧೀರೇಂದ್ರನಾಥ ದತ್ತರು.

1886ರಲ್ಲಿ ಬ್ರಾಹ್ಮಣಬಾಡಿಯಾ ಸಮೀಪದ ರಾಮರೈಲ್ ಗ್ರಾಮದಲ್ಲಿ ಹುಟ್ಟಿದ ಅವರು ಕುಮಿಲ್ಲಾದಲ್ಲಿ ವಕೀಲರಾಗಿದ್ದರು. ಕಾಂಗ್ರೆಸ್ಸಿನಲ್ಲಿದ್ದು ಸೆರೆವಾಸವನ್ನೂ ಅನುಭವಿಸಿದ್ದರು. ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಸೇರಿದ ಪೂರ್ವ ಬಂಗಾಳದ (ಮುಂದೆ ಪೂರ್ವ ಪಾಕಿಸ್ತಾನ, ಇಂದಿನ ಬಾಂಗ್ಲಾದೇಶ) ಅನೇಕ ಹಿಂದೂ ಮುಖಂಡರು ಕಲ್ಕತ್ತೆಯ ದಾರಿ ಹಿಡಿದರೂ ದತ್ತರು ತಮ್ಮ ಊರನ್ನು ಬಿಡಲಿಲ್ಲ.

1948ರ ಫೆಬ್ರವರಿ 25ರಂದು ಕರಾಚಿಯಲ್ಲಿ ಅವರು ಮಂಡಿಸಿದ್ದು ಸಭೆಯ ನಡಾವಳಿ ನಿಯಮಕ್ಕೆ ಒಂದು ಚಿಕ್ಕ ತಿದ್ದುಪಡಿ: ಇಂಗ್ಲಿಷ್ ಮತ್ತು ಉರ್ದುವಿನೊಡನೆ ಬಂಗಾಳಿಯಲ್ಲೂ ಕಲಾಪ ನಡೆಯಲು ಅವಕಾಶವಿರಲಿ ಎಂಬುದು. ದೇಶದ 6 ಕೋಟಿ 90 ಲಕ್ಷ ಜನರಲ್ಲಿ 4 ಕೋಟಿ 40 ಲಕ್ಷ ಮಂದಿ ಬಂಗಾಳಿ ಆಡುವವರೆಂದು ಲೆಕ್ಕವನ್ನೇ ಮುಂದಿಟ್ಟರು. ನನಗೆ ಆ ಲೆಕ್ಕಕ್ಕಿಂತಲೂ ಅವರು ಕೊಟ್ಟ ಉದಾಹರಣೆ ದೊಡ್ಡದೆನಿಸುತ್ತದೆ. ಢಾಕಾ ವಿಶ್ವವಿದ್ಯಾಲಯದಲ್ಲಿ ಓದುವ ಮಗನಿಗೆ ಹಣ ಕಳಿಸಲೆಂದು ಬಡ ರೈತನೊಬ್ಬ ಹಳ್ಳಿಯ ಅಂಚೆ ಕಚೇರಿಗೆ ಹೋದರೆ ಅಲ್ಲಿ ಕೊಡುವ ಮನಿಯಾರ್ಡರ್ ಫಾರಂ ಉರ್ದುವಿನಲ್ಲಿರುತ್ತದೆ. ಅದನ್ನು ಓದಿಸಿ ಅರ್ಥ ತಿಳಿಯಲು ಆತ ದೂರದ ಪಟ್ಟಣಕ್ಕೆ ಅಲೆಯಬೇಕು. ಜಮೀನು ಕೊಳ್ಳಲು ಹೋದರೆ ಛಾಪಾ ಕಾಗದಕ್ಕೆ ತಾನು ತೆತ್ತ ಬೆಲೆ ಸರಿಯೋ ತಪ್ಪೋ ಎಂಬುದೂ ಅವನಿಗೆ ತಿಳಿಯದು. ವಕೀಲಿ ವೃತ್ತಿಯಲ್ಲಿ ಇಂಥ ರೈತರೊಡನೆ ಒಡನಾಡಿದವರ ಮಾತು ಇದು. ಭಾಷಾಭಿಮಾನದ ಭಾಷಣಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಸರ್ಕಾರಿ ನಮೂನೆಯೆದುರು ಕಂಗೆಟ್ಟು ನಿಂತ ಮನುಷ್ಯನಿಗಾಗಿ ಭಾಷೆಯನ್ನು ಕೇಳಿದವರು ವಿರಳ.

ಪ್ರಧಾನಿ ಲಿಯಾಕತ್ ಅಲಿ ಖಾನರು ಇದರಲ್ಲಿ ಒಡಕು ಹುಟ್ಟಿಸುವ ಉದ್ದೇಶವನ್ನೇ ಕಂಡರು. ಪೂರ್ವ ಬಂಗಾಳದ ಮುಖ್ಯಮಂತ್ರಿ ಖ್ವಾಜಾ ನಾಜಿಮುದ್ದೀನರೂ ವಿರೋಧಿಸಿದರು. ಪ್ರೇಮಹರಿ ಬರ್ಮನ್, ಭೂಪೇಂದ್ರಕುಮಾರ ದತ್ತ, ಶ್ರೀಶಚಂದ್ರ ಚಟ್ಟೋಪಾಧ್ಯಾಯರು ಬೆಂಬಲಕ್ಕೆ ನಿಂತರೂ ತಿದ್ದುಪಡಿ ಬಿದ್ದುಹೋಯಿತು. ಆದರೆ ಸುದ್ದಿ ತಲುಪುತ್ತಲೇ ಢಾಕಾದ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು, ಮಾರ್ಚ್ 11ರಂದು ಮುಷ್ಕರ ನಡೆಯಿತು. ಅದೇ ತಿಂಗಳು ಜಿನ್ನಾ ಢಾಕಾಕ್ಕೆ ಬಂದು ಉರ್ದುವೊಂದೇ ರಾಷ್ಟ್ರಭಾಷೆಯೆಂದು ಸಾರಿದರೂ ಕಿಚ್ಚು ಆರಲಿಲ್ಲ. 1956ರ ಸಂವಿಧಾನ ಕೊನೆಗೆ ಬಂಗಾಳಿಯನ್ನೂ ರಾಷ್ಟ್ರಭಾಷೆಯೆಂದು ಒಪ್ಪಿಕೊಂಡಿತು. ಅದೇ ವರ್ಷ ದತ್ತರು ಪೂರ್ವ ಪಾಕಿಸ್ತಾನದ ಅತಾವುರ್ ರಹಮಾನ್ ಖಾನರ ಸಂಪುಟದಲ್ಲಿ ಆರೋಗ್ಯ ಸಚಿವರಾದರು.

ಅಯೂಬ್ ಖಾನರ ಸೇನಾಡಳಿತ ಅವರನ್ನು ರಾಜಕೀಯದಿಂದ ಹೊರಗಿಟ್ಟಿತು. 1965ರ ಯುದ್ಧಕಾಲದಲ್ಲಿ ಗೃಹಬಂಧನದಲ್ಲಿಟ್ಟಿತು. 1971ರ ಮಾರ್ಚ್ 29ರ ರಾತ್ರಿ ಪಾಕಿಸ್ತಾನಿ ಸೈನಿಕರು ಕುಮಿಲ್ಲಾದ ಮನೆಗೆ ನುಗ್ಗಿ, 84 ವರ್ಷದ ಆ ಹಿರಿಯರನ್ನೂ ಅವರ ಮಗ ದಿಲೀಪರನ್ನೂ ಮೈನಾಮತಿ ದಂಡುಪ್ರದೇಶಕ್ಕೆ ಎಳೆದೊಯ್ದು, ಚಿತ್ರಹಿಂಸೆ ಕೊಟ್ಟು ಕೊಂದರು. ಇಬ್ಬರ ಶವಗಳೂ ಮನೆಯವರಿಗೆ ಸಿಗಲಿಲ್ಲ.