ರಾಫ್ಟಿನ ಜ್ವರ, ಸುರ್ಕಿಯ ಮದ್ದು

ಎಲ್ಲರಿಗೂ ಇಂಜಿನಿಯರುಗಳ ದಿನದ ಶುಭಾಶಯ. ಆಹ್ವಾನಪತ್ರಿಕೆಯಲ್ಲಿ ನನ್ನ ವಿಷಯ ಎರಡು ಸಾಲು ಹಿಡಿದಿದೆ: ‘ಸಂಕೀರ್ಣ ಕಟ್ಟಡ ಯೋಜನೆಗಳಿಗಾಗಿ ಸುಧಾರಿತ ನಿರ್ಮಾಣ ತಂತ್ರಜ್ಞಾನ ಹಾಗೂ ಸುಸ್ಥಿರತೆಯ ಅಧ್ಯಯನ’. ಅದನ್ನು ಓದಿ ಹೇಳುವಷ್ಟರಲ್ಲಿ ಕೊಟ್ಟ ನಲವತ್ತು ನಿಮಿಷದಲ್ಲಿ ಅರ್ಧ ನಿಮಿಷ ಹೋಯಿತು. ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು ರಾಫ್ಟ್, ಅಂದರೆ ಇಡೀ ಕಟ್ಟಡದ ಅಡಿಗೆ ಹಾಸುವ ದಪ್ಪ ಕಾಂಕ್ರೀಟಿನ ಪಾಯ. ಉಳಿದ ನಾಲ್ಕು ಏನಾಗುತ್ತವೋ ನೋಡೋಣ.

ಹಸಿರು ಕಟ್ಟಡ ಅಂದ ಕೂಡಲೇ ಜನ ತಲೆ ಎತ್ತಿ ತಾರಸಿ ನೋಡುತ್ತಾರೆ. ಸೋಲಾರ್ ಇದೆಯೇ, ಮೇಲೆ ಹುಲ್ಲು ಬೆಳೆಸಿದ್ದಾರೆಯೇ, ಬಾಗಿಲ ಪಕ್ಕ ಹಸಿರು ದರ್ಜೆಯ ಪ್ಲಾಟಿನಂ ಫಲಕ ಇದೆಯೇ. ನೀವು ಮೊದಲು ಬಗ್ಗಿ ನೋಡಿ. ಬುರ್ಜ್ ಖಲೀಫಾದಲ್ಲಿ 606 ಮೀಟರ್ ಎತ್ತರಕ್ಕೆ ಕಾಂಕ್ರೀಟ್ ಪಂಪ್ ಮಾಡಿದ್ದು ಎಲ್ಲರಿಗೂ ಬಾಯಿಪಾಠ. ಅದರ ಕೆಳಗೆ 3.7 ಮೀಟರ್ ದಪ್ಪದ, 12,500 ಘನ ಮೀಟರ್ ಕಾಂಕ್ರೀಟಿನ ರಾಫ್ಟ್ ಮಲಗಿದೆ. ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಪಾಪ, ಅದರ ಜೊತೆ ಸೆಲ್ಫಿ ತೆಗೆಯಲಾಗುವುದಿಲ್ಲವಲ್ಲ.

ಲೆಕ್ಕಕ್ಕೆ ಒಂದು ರಾಫ್ಟ್ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಮೂರು ಬೇಸ್‌ಮೆಂಟಿನ ಗೋಪುರ. 40 ಮೀಟರ್ ಉದ್ದ, 40 ಅಗಲ, 3 ಮೀಟರ್ ದಪ್ಪ. 4,800 ಘನ ಮೀಟರ್. ಶಕ್ತಿಯ ಗ್ರೇಡ್ ಎಂ-40. ಬರೀ ಓಪಿಸಿಯಲ್ಲಿ, ಅಂದರೆ ಏನೂ ಬೆರೆಸದ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ ಮಾಡಿದರೆ ಘನ ಮೀಟರಿಗೆ 420 ಕೆಜಿ ಅನ್ನಿ. ಸಿಮೆಂಟು ನೀರಿನ ಜೊತೆ ಸೇರಿದಾಗ ಬಿಸಿ ಹುಟ್ಟುತ್ತದೆ. ದಪ್ಪ ಕಾಂಕ್ರೀಟಿನ ನಡುವಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಅಲ್ಲೇ ಕೂರುತ್ತದೆ. ಮೋಟು ಲೆಕ್ಕ ಏನೆಂದರೆ 100 ಕೆಜಿ ಸಿಮೆಂಟಿಗೆ 12 ಡಿಗ್ರಿ ಏರಿಕೆ. ಇಲ್ಲಿ 50 ಡಿಗ್ರಿ ಆಯಿತು. ಲಾರಿಯಿಂದ ಇಳಿಯುವಾಗ ಕಾಂಕ್ರೀಟು 32 ಡಿಗ್ರಿ ಇದ್ದರೆ ನಡುಮಧ್ಯೆ 82. ಪಾಯದಲ್ಲಿ ಹಬೆ ಇಡ್ಲಿ!

ಇದರಿಂದ ಎರಡು ಅಪಾಯ. ಒಂದು, ಕಾಂಕ್ರೀಟು ಗಟ್ಟಿಯಾಗುವ ಕಾಲದಲ್ಲಿ 70 ಡಿಗ್ರಿ ದಾಟಿದರೆ ಎಟ್ರಿಂಗೈಟ್ ಎಂಬ ಹರಳು ಆಗ ಕೂಡುವುದಿಲ್ಲ. ತಿಂಗಳು, ವರ್ಷ ಕಳೆದ ಮೇಲೆ ನೀರಿನ ಪಸೆ ಸಿಕ್ಕಾಗ ಗಟ್ಟಿಯಾದ ಕಾಂಕ್ರೀಟಿನ ಒಳಗೇ ಬೆಳೆದು ಅದನ್ನು ಉಬ್ಬಿಸುತ್ತದೆ. ಆಗ ರಾಫ್ಟಿನ ಮೇಲೆ ಮೂವತ್ತು ಮಹಡಿ ನಿಂತಿರುತ್ತವೆ. ಎರಡನೆಯದು ತಾಪದ ಅಂತರ. ನಡುವೆ 75, ಮೇಲ್ಮೈ 45 ಇದ್ದರೆ ಒಳಗಿನದು ಹಿಗ್ಗುತ್ತಿರುತ್ತದೆ, ಮೇಲಿನದು ಅಷ್ಟು ಹಿಗ್ಗದು. ಮೂರು ದಿನದ ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಬಿರುಕು ಬಿಡುತ್ತದೆ. ಅದಕ್ಕೇ ಒಳಗೆ ಗರಿಷ್ಠ 70, ಒಳಗೂ ಹೊರಗೂ ಅಂತರ 20 ಎಂಬ ಎರಡು ಅಂಕಿಗಳನ್ನು ಸೈಟ್ ಆಫೀಸಿನ ಗೋಡೆಗೆ ಅಂಟಿಸುವುದು.

ಈಗ ನನ್ನ ಪ್ರೀತಿಯ ಕಥೆ. ನಿಮ್ಮ ಮೇಷ್ಟ್ರು ಹೇಳಿರಬಹುದು, ಇನ್ನೊಮ್ಮೆ ಕೇಳಿ. ಅಮೆರಿಕದ ಹೂವರ್ ಅಣೆಕಟ್ಟು. ಕಾಂಕ್ರೀಟ್ ಹಾಕಿದ್ದು 1933ರಿಂದ 1935. ಒಂದೇ ಮುದ್ದೆಯಾಗಿ ಸುರಿದಿದ್ದರೆ ತಣ್ಣಗಾಗಲು 125 ವರ್ಷ ಬೇಕಿತ್ತು ಎಂದು ಅಲ್ಲಿನವರ ಲೆಕ್ಕ. ಹಾಗಾಗಿ ಏನು ಮಾಡಿದರು? ಕಂಬ ಕಂಬವಾಗಿ, ಪಾಲು ಪಾಲಾಗಿ ಹಾಕಿದರು. ಪ್ರತಿ ಪಾಲಿನಲ್ಲೂ ಒಂದು ಇಂಚಿನ ಉಕ್ಕಿನ ಕೊಳವೆ ಹಾಯಿಸಿದರು. ಮೊದಲು ನದಿ ನೀರು, ಆಮೇಲೆ ಯಂತ್ರದಲ್ಲಿ ತಣಿಸಿದ ನೀರು ಹರಿಸಿದರು. ಕೊಳವೆಗಳ ಒಟ್ಟು ಉದ್ದ 582 ಮೈಲಿ. ಬೀದರಿನಿಂದ ಹೊರಟು ಚಾಮರಾಜನಗರ ಮುಟ್ಟಿ ಇನ್ನೂ ಉಳಿಯುತ್ತದೆ! ತಣಿದ ಮೇಲೆ ಕೊಳವೆಗಳಿಗೂ ಸಂದುಗಳಿಗೂ ಗ್ರೌಟ್, ಅಂದರೆ ತೆಳು ಸಿಮೆಂಟು ಗಂಜಿ, ತುಂಬಿದರು. ಕೊಳವೆ ಈಗಲೂ ಒಳಗೇ ಇದೆ. ಅಣೆಕಟ್ಟು ಇವತ್ತಿಗೂ ಬಿಸಿಯಾಗಿದೆ ಎಂದು ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ಅದು ಹಾಗಿರಬಾರದು ಎಂದೇ ಇಷ್ಟೆಲ್ಲ ಮಾಡಿದ್ದು.

ಅಷ್ಟು ದೂರ ಏಕೆ, ಇವತ್ತು ಯಾರ ಹುಟ್ಟುಹಬ್ಬ? ವಿಶ್ವೇಶ್ವರಯ್ಯನವರದು. ಅವರ ಕೃಷ್ಣರಾಜಸಾಗರ ಶುರುವಾದದ್ದು 1911ರಲ್ಲಿ. ಭಾರತದಲ್ಲಿ ಪೋರಬಂದರಿನ ಸಿಮೆಂಟು ಮಾರುಕಟ್ಟೆಗೆ ಬಂದದ್ದು 1914ರ ಹೊತ್ತಿಗೆ. ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ–ಸುರ್ಕಿಯ ಗಾರೆ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಜೇಡಿಮಣ್ಣನ್ನು ಹದವಾಗಿ ಸುಟ್ಟರೆ ಅದರೊಳಗಿನ ಸಿಲಿಕಾ, ಅಲ್ಯುಮಿನಾ ಚುರುಕಾಗುತ್ತವೆ, ಸುಣ್ಣದ ಜೊತೆ ಸೇರಿ ನೀರಿನಲ್ಲೂ ಗಟ್ಟಿಯಾಗುತ್ತವೆ. ನಿಧಾನಕ್ಕೆ, ಹೆಚ್ಚು ಬಿಸಿಯಾಗದೆ. 124.80 ಅಡಿ ತುಂಬಿತು ಎಂದು ಪ್ರತಿ ಮಳೆಗಾಲ ಟಿವಿಯಲ್ಲಿ ಕೇಳುತ್ತೀರಲ್ಲ, ಆ ನೀರಿಗೆ ಎದೆ ಕೊಟ್ಟಿರುವುದು ಈ ಗಾರೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಹಾರುಬೂದಿ, ಸ್ಲ್ಯಾಗ್, ಈಗ ಎಲ್ಲರ ಬಾಯಲ್ಲಿರುವ ಹೊಸ ಸಿಮೆಂಟು ಎಲ್‌ಸಿ-3, ಇವೆಲ್ಲ ಸುರ್ಕಿಯ ವಂಶದವು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದ ಮೇಲೆ ಸಿಗುವುದು ಹಾರುಬೂದಿ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಕಬ್ಬಿಣ ಕರಗಿಸುವಾಗ ತೇಲುವ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿ ನುಣ್ಣಗೆ ಬೀಸಿದರೆ ಸ್ಲ್ಯಾಗ್. ಇದು ಸ್ವಲ್ಪ ದೂರದ ನೆಂಟ, ಸುಣ್ಣ ಬರೀ ಕೆಣಕಿದರೆ ಸಾಕು, ತಾನೇ ಗಟ್ಟಿಯಾಗುತ್ತದೆ. ಎಲ್‌ಸಿ-3ಯಲ್ಲಿ ಅರ್ಧ ಕ್ಲಿಂಕರ್ (ಸುಣ್ಣದಕಲ್ಲು, ಜೇಡಿ ಸೇರಿಸಿ ಗೂಡಿನಲ್ಲಿ ಸುಟ್ಟ ಸಿಮೆಂಟಿನ ಗಟ್ಟಿ), ಸುಮಾರು 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣದಕಲ್ಲು, 5 ಪಾಲು ಜಿಪ್ಸಂ. ಅದಕ್ಕೆ 2023ರಲ್ಲಿ ಐಎಸ್ 18189 ಎಂಬ ಭಾರತೀಯ ಮಾನಕ ಬಂದಿದೆ. ಸುಟ್ಟ ಜೇಡಿ ಅಂದರೆ ಏನು ಸ್ವಾಮಿ? ಸುರ್ಕಿ! ಮುತ್ತಜ್ಜ ಸೂಟು ಹಾಕಿಕೊಂಡು ಬಂದಿದ್ದಾನೆ, ಅಷ್ಟೇ.

ಕ್ಲಿಂಕರ್ ಏಕೆ ಕಡಿಮೆ ಮಾಡಬೇಕು? 100 ಕೆಜಿ ಶುದ್ಧ ಸುಣ್ಣದಕಲ್ಲು ಸುಟ್ಟರೆ ಗೂಡಿನಲ್ಲಿ ಉಳಿಯುವುದು 56 ಕೆಜಿ. 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿ ಹತ್ತುತ್ತದೆ. ಗೂಡನ್ನು 1,450 ಡಿಗ್ರಿಗೆ ಕಾಯಿಸುವ ಇಂಧನದ ಹೊಗೆ ಬೇರೆ. ಸೇಡಂ, ವಾಡಿ ಕಡೆಯ ಗೂಡಿಗೆ ನಾಳೆ ಸೋಲಾರ್ ಹಾಕಿದರೂ ಈ 44 ಹೋಗುವುದಿಲ್ಲ, ಅದು ಕಲ್ಲಿನೊಳಗೇ ಇದೆ.

ನಮ್ಮ ರಾಫ್ಟಿಗೆ ಬನ್ನಿ. 420ರಲ್ಲಿ 210 ಓಪಿಸಿ, 210 ಸ್ಲ್ಯಾಗ್ ಮಾಡಿದರೆ ಏರಿಕೆ 50ರಿಂದ 35ರ ಆಸುಪಾಸಿಗೆ ಇಳಿಯುತ್ತದೆ. ಹಾಕುವಾಗ 25 ಡಿಗ್ರಿ ಕಾಯ್ದುಕೊಂಡರೆ ಗರಿಷ್ಠ 60. ಜ್ವರ ಇಳಿಯಿತು. ಜೊತೆಗೆ ಸಾವಿರ ಟನ್ ಓಪಿಸಿ ಉಳಿಯಿತು, ಅಂದರೆ ಏನಿಲ್ಲವೆಂದರೂ 700 ಟನ್ ಹೊಗೆ. ಅದೇ ಕಟ್ಟಡದ ತಾರಸಿಯಲ್ಲಿ 50 ಕಿಲೋವ್ಯಾಟ್ ಸೋಲಾರ್ ಹಾಕಿದರೆ ವರ್ಷಕ್ಕೆ 70,000 ಯೂನಿಟ್ ಬರಬಹುದು, ಯೂನಿಟ್ಟಿಗೆ 0.7 ಕೆಜಿ ಹಿಡಿದರೆ 49 ಟನ್. ರಾಫ್ಟು ಎರಡೂವರೆ ದಿನದಲ್ಲಿ ಉಳಿಸಿದ್ದನ್ನು ತಾರಸಿ ಉಳಿಸಲು ಹದಿನಾಲ್ಕು ವರ್ಷ. ಸೋಲಾರ್ ಬೇಡ ಅನ್ನುತ್ತಿಲ್ಲ, ಹಾಕಿ. ಆದರೆ ಬಗ್ಗಿ ನೋಡಿದ ಮೇಲೆ.

25 ಡಿಗ್ರಿಗೆ ತರುವುದು ಹೇಗೆ? ಜಲ್ಲಿ ರಾಶಿಗೆ ನೆರಳು, ಮೇಲೆ ನೀರಿನ ಸಿಂಪಡಿಕೆ. ಮಿಶ್ರಣದ ನೀರಿನಲ್ಲಿ 50 ಕೆಜಿಯಷ್ಟು ತೆಗೆದು ಅಷ್ಟೇ ತೂಕದ ಮಂಜುಗಡ್ಡೆ ಹಾಕಿದರೆ ಸುಮಾರು 8 ಡಿಗ್ರಿ ಇಳಿಯುತ್ತದೆ. ಅದು ಹಪ್ಪಳದಂಥ ಚೂರಾಗಿರಬೇಕು. ಹಲಗೆ ಐಸ್ ಒಡೆದು ಹಾಕಿದರೆ ಕೆಲವು ಗಟ್ಟಿಗಳು ಕರಗದೆ ಕಾಂಕ್ರೀಟಿನೊಳಗೆ ಹೋಗಿ, ಆಮೇಲೆ ಕರಗಿ ತೂತು ಬಿಡುತ್ತವೆ. ಐಸಿನ ತೂಕವನ್ನು ನೀರಿನ ಲೆಕ್ಕದಲ್ಲಿ ಕಳೆಯಲು ಮರೆತರೆ ಸ್ಲಂಪ್, ಅಂದರೆ ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಎಂಬ ಅಳತೆ, ನೋಡಿದವರೇ ಗಾಬರಿಯಾಗುತ್ತಾರೆ.

ಸುರಿಯುವ ಲೆಕ್ಕ. 6 ಘನ ಮೀಟರಿನ ಮಿಕ್ಸರ್ ಲಾರಿ, 800 ಟ್ರಿಪ್. ಮೂರು ಪಂಪು ಸೇರಿ ಗಂಟೆಗೆ 80 ಘನ ಮೀಟರ್, 60 ಗಂಟೆ. ಕ್ಯಾಟಲಾಗಿನಲ್ಲಿ ಇನ್ನೂ ಹೆಚ್ಚು ಬರೆದಿರುತ್ತಾರೆ, ಆ ಕ್ಯಾಟಲಾಗ್ ಬರೆದವನು ಸಿಲ್ಕ್ ಬೋರ್ಡ್ ದಾಟಿಲ್ಲ. ನಾಲ್ಕನೆಯ ಪಂಪು ಸೈಟಿನಲ್ಲೇ ನಿಂತಿರಬೇಕು. ‘ಫೋನ್ ಮಾಡಿದರೆ ಬರುತ್ತದೆ’ ಅನ್ನುವುದು ಪಂಪು ಅಲ್ಲ, ಭರವಸೆ.

ಇಲ್ಲಿ ಎಡವುವವರೇ ಹೆಚ್ಚು. ಇಡೀ ಅಗಲಕ್ಕೆ 40 ಸೆಂಟಿಮೀಟರಿನ ಒಂದೊಂದೇ ಪದರ ಹಾಕುತ್ತಾ ಹೋದರೆ ಒಂದು ಪದರಕ್ಕೆ 640 ಘನ ಮೀಟರ್, ಎಂಟು ಗಂಟೆ. ಮೇಲಿನ ಪದರ ಬರುವಷ್ಟರಲ್ಲಿ ಕೆಳಗಿನದು ಬಿಗಿದು, ಎರಡೂ ಬೆಸೆಯದ ಕೋಲ್ಡ್ ಜಾಯಿಂಟ್. ಹಾಗಾಗಿ ಮೆಟ್ಟಿಲು ಮಾಡಿ. ಒಂದು ಅಂಚಿನಿಂದ ಶುರುಮಾಡಿ ಎಂಟು ಮೆಟ್ಟಿಲು, ಒಂದೊಂದೂ 3 ಮೀಟರ್ ಅಗಲ. ಎಲ್ಲ ಮೆಟ್ಟಿಲೂ ಒಮ್ಮೆ ಮುಂದೆ ಸರಿಯಲು 360 ಘನ ಮೀಟರ್, ನಾಲ್ಕೂವರೆ ಗಂಟೆ. ಕಾಂಕ್ರೀಟು ಬಿಗಿಯುವುದನ್ನು ತಡಮಾಡುವ ರಿಟಾರ್ಡರ್ ಅನ್ನು ಅದಕ್ಕಿಂತ ಎರಡು ಮೂರು ಗಂಟೆ ಹೆಚ್ಚು ತಾಳುವಂತೆ ಹೊಂದಿಸಿ. ವೈಬ್ರೇಟರ್ ಸೂಜಿ ಕೆಳಗಿನ ಪದರದೊಳಕ್ಕೂ ಇಳಿಯಬೇಕು. 3 ಮೀಟರ್ ಮೇಲಿಂದ ಕಾಂಕ್ರೀಟು ಧುಮುಕಿಸಬೇಡಿ. ಐಎಸ್ 456 ಹೇಳುವ ಮಿತಿ ಒಂದೂವರೆ ಮೀಟರ್, ಪೈಪನ್ನು ಕಂಬಿಗಳ ನಡುವೆ ಇಳಿಬಿಡಿ. ಲಾರಿ ತಡವಾಗಿ ಬಂದು ಕಾಂಕ್ರೀಟು ಬಿಗಿಯಾಗಿದೆ ಎಂದು ಡ್ರಮ್ಮಿಗೆ ನಾಲ್ಕೈದು ಕೊಡ ನೀರು ಹೊಯ್ದರೆ, ಘನ ಮೀಟರಿಗೆ 10 ಲೀಟರ್ ಹೆಚ್ಚಾಯಿತು. ಅಲ್ಲಿಯವರೆಗೆ ಮಾಡಿದ ಮಿಕ್ಸ್ ಡಿಸೈನ್ ಕೊಡದಲ್ಲಿ ಮುಳುಗಿತು.

ಕೊನೆಯ ಲಾರಿ ಹೋಯಿತು. ಎಲ್ಲರೂ ಮನೆಗೆ. ಬೆಳಿಗ್ಗೆ ಮೇಸ್ತ್ರಿ ಬಂದು ರಾಫ್ಟಿನ ಮೇಲೆ ಮಡಿ ಕಟ್ಟಿ ಬೋರ್‌ವೆಲ್ ನೀರು ನಿಲ್ಲಿಸುತ್ತಾನೆ. ಅವನ ತಪ್ಪಲ್ಲ, ಜೀವಮಾನವೆಲ್ಲ ಸ್ಲ್ಯಾಬಿಗೆ ಮಾಡಿದ್ದು ಅದೇ. ಒಳಗೆ 60 ಡಿಗ್ರಿ, ಮೇಲೆ 24ರ ನೀರು. ಅಂತರ ತಾನಾಗಿ 30 ದಾಟುತ್ತದೆ. ಜ್ವರ ಬಂದವನನ್ನು ಹೊಳೆಗೆ ದೂಡಿದ ಹಾಗೆ. ಇಲ್ಲಿ ಬೇಕಾದದ್ದು ಕಂಬಳಿ. ಮೊದಲು ಪಾಲಿಥಿನ್ ಹಾಳೆ, ತೇವ ಹೋಗದಿರಲಿ ಎಂದು. ಅದರ ಮೇಲೆ 50 ಮಿಲಿಮೀಟರ್ ಥರ್ಮಾಕೋಲ್, ಮೇಲೊಂದು ಟಾರ್ಪಾಲು, ಗಾಳಿಗೆ ಹಾರದಂತೆ ಭಾರ. ಬದಿಯ ಶಟರಿಂಗಿಗೂ ಹೊದಿಕೆ. ಮೂರು ಆಳದಲ್ಲಿ ಬಿಸಿ ಅಳೆಯುವ ಥರ್ಮೋಕಪಲ್: ತಳದಲ್ಲಿ, ನಡುವೆ, ಮೇಲ್ಮೈಯಿಂದ 50 ಮಿಲಿಮೀಟರ್ ಕೆಳಗೆ. ಮೂಲೆಗಳಲ್ಲಿ ಇನ್ನೊಂದು ಜೊತೆ, ಏಕೆಂದರೆ ಮೂಲೆ ಎರಡು ಕಡೆಯಿಂದ ತಣಿಯುತ್ತದೆ. ಮೊದಲ ಮೂರು ದಿನ ಗಂಟೆಗೊಮ್ಮೆ ಓದಿ.

ಐದನೆಯ ದಿನ ಕಂಬದ ಕಂಬಿ ಕಟ್ಟುವವರು ಬಂದು ‘ಸಾರ್, ಈ ಬಿಳಿ ಹಲಗೆ ತೆಗೀಲಾ?’ ಅನ್ನುತ್ತಾರೆ. ತೆಗೆಯಬೇಡಿ. ನಡುವಿನ ಬಿಸಿಗೂ ಹೊರಗಿನ ಗಾಳಿಗೂ 20ಕ್ಕಿಂತ ಕಡಿಮೆ ಅಂತರ ಬರುವವರೆಗೆ ಹೊದಿಕೆ ಇರಲಿ. 3 ಮೀಟರಿಗೆ ಎರಡು ಮೂರು ವಾರ ಹಿಡಿಯುತ್ತದೆ. ಈ ದಿನಗಳು ಪ್ರೋಗ್ರಾಂ ಚಾರ್ಟಿನಲ್ಲಿ ಇರುವುದೇ ಇಲ್ಲ. ಬಹುತೇಕ ಬಿರುಕುಗಳ ಹುಟ್ಟೂರು ಆ ಚಾರ್ಟು.

ಇನ್ನೊಂದು ಗಾಬರಿ, ಏಳನೆಯ ದಿನ ಒಡೆದು ಶಕ್ತಿ ನೋಡುವ ಕಾಂಕ್ರೀಟ್ ಕ್ಯೂಬು. ಅರ್ಧ ಸ್ಲ್ಯಾಗ್ ಇರುವ ಕಾಂಕ್ರೀಟು ಏಳು ದಿನಕ್ಕೆ ಅರ್ಧ ಶಕ್ತಿಯ ಆಸುಪಾಸಿನಲ್ಲಿರುತ್ತದೆ. ಕೂಡಲೇ ಫೋನು, ಸಭೆ, ‘ಮುಂದಿನ ಪೋರಿಗೆ ಓಪಿಸಿ ಜಾಸ್ತಿ ಮಾಡಿ’. ಉಳಿಸಿದ ಹೊಗೆಯೆಲ್ಲ ಒಂದು ಇಮೇಲಿನಲ್ಲಿ ವಾಪಸು. ರಾಫ್ಟಿನ ಮೇಲೆ ಪೂರ್ತಿ ಭಾರ ಬರಲು ವರ್ಷ ಬೇಕು. 28ರ ಬದಲು 56 ದಿನದ ಶಕ್ತಿಗೆ ಒಪ್ಪಿಗೆಯನ್ನು ಟೆಂಡರಿನಲ್ಲೇ ಬರೆಸಿ, ಆಮೇಲೆ ಗೋಗರೆಯಬೇಡಿ. ಸುರ್ಕಿಗೆ 28 ದಿನದ ಗಡುವು ಕೊಟ್ಟಿದ್ದರೆ ಕನ್ನಂಬಾಡಿ ಕಟ್ಟೆ ಪರೀಕ್ಷೆಯಲ್ಲಿ ಫೇಲ್!

ಚೀಟಿ ಬಂತು. ಏಳು ನಿಮಿಷ ಇದೆಯಂತೆ. ಉಳಿದ ನಾಲ್ಕು ಅಂಶಕ್ಕೆ ಏಳು ನಿಮಿಷ, ಆಗಲಿ.

ಎರಡನೆಯದು ಪೋಸ್ಟ್ ಟೆನ್ಷನ್ ಸ್ಲ್ಯಾಬ್, ಅಂದರೆ ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದದ್ದು. ಕಾಂಕ್ರೀಟು, ಕಂಬಿ ಎರಡೂ ಉಳಿಯುತ್ತವೆ, ನಿಜ. ಆದರೆ 12.7 ಮಿಲಿಮೀಟರಿನ ಒಂದು ಎಳೆಯಲ್ಲಿ ಸುಮಾರು 14 ಟನ್ ಎಳೆತ ಕೂತಿರುತ್ತದೆ. ಕೇಬಲ್ ಹೋದ ದಾರಿಯನ್ನು ಸ್ಲ್ಯಾಬಿನ ಅಡಿಯಲ್ಲಿ ಬಣ್ಣದಿಂದ ಗುರುತು ಮಾಡಿಸಿ. ಐದು ವರ್ಷದ ಮೇಲೆ ಎಸಿ ಪೈಪಿಗೆ ತೂತು ಕೊರೆಯಲು ಬರುವವನ ಕೈಯಲ್ಲಿ ನಿಮ್ಮ ಡ್ರಾಯಿಂಗ್ ಇರುವುದಿಲ್ಲ.

ಮೂರನೆಯದು ಒಡೆದ ಕಟ್ಟಡದ ಜಲ್ಲಿ. ಐಎಸ್ 383ರ 2016ರ ಆವೃತ್ತಿ ಎಂ-25ರವರೆಗಿನ ಕಂಬಿ ಕಾಂಕ್ರೀಟಿನಲ್ಲಿ ಶೇಕಡಾ 20ರವರೆಗೆ ಮರುಬಳಕೆ ಕಾಂಕ್ರೀಟ್ ಜಲ್ಲಿಗೆ ಒಪ್ಪುತ್ತದೆ. ಹಳೆಯ ಗಾರೆ ಅಂಟಿರುವುದರಿಂದ ನೀರು ಕುಡಿಯುತ್ತದೆ, ಮೊದಲೇ ನೆನೆಸಿ.

ನಾಲ್ಕನೆಯದು ಗಾಜು. ಬೆಂಗಳೂರಿನ ಹವೆಗೆ ನಾಲ್ಕು ಕಡೆ ಗಾಜು ಹೊದಿಸಿ, ಆಮೇಲೆ ಎಸಿಗೆ ಐದು ಸ್ಟಾರು ಹಾಕುವುದರ ಬಗ್ಗೆ ಮಾತಾಡಿದರೆ ನನಗೆ ರಕ್ತದೊತ್ತಡ. ಪಶ್ಚಿಮದ ಗೋಡೆಯಲ್ಲಿ ಗಾಜು ಕಡಿಮೆ ಮಾಡಿ, ಹೊರಗಿನಿಂದ ನೆರಳು ಕೊಡಿ. ಮುಂದಕ್ಕೆ.

ಐದನೆಯದನ್ನು ಬಿಟ್ಟೆ. ಬದಲಿಗೆ ಒಂದು ಮನೆಕೆಲಸ. ನಿಮ್ಮ ಲ್ಯಾಬಿನ ಹಿಂದೆ ಜಾಗ ಇದೆ, ಬರುವಾಗ ನೋಡಿದೆ. ಒಂದೊಂದು ಮೀಟರಿನ ಎರಡು ಚೌಕ ಪೆಟ್ಟಿಗೆ ಮಾಡಿ, ಆರೂ ಮುಖಕ್ಕೆ 100 ಮಿಲಿಮೀಟರ್ ಥರ್ಮಾಕೋಲ್. ಒಂದಕ್ಕೆ ಬರೀ ಓಪಿಸಿ, ಇನ್ನೊಂದಕ್ಕೆ ಅರ್ಧ ಸ್ಲ್ಯಾಗ್. ತಲಾ ಮೂರು ಥರ್ಮೋಕಪಲ್. ನೆರಳಿನಲ್ಲಿ ಹೊರಗಿನ ಗಾಳಿಗೂ ಒಂದು, ಅದನ್ನೇ ಎಲ್ಲರೂ ಮರೆಯುವುದು. ತುತ್ತತುದಿಯ ಉಷ್ಣತೆ ಮೊದಲ ಎರಡು ದಿನದಲ್ಲೇ, ಬಹುಶಃ ರಾತ್ರಿಯಲ್ಲೇ ಬರುತ್ತದೆ. ಆದ್ದರಿಂದ ಹಾಸ್ಟೆಲಿನವರಲ್ಲಿ ಎರಡು ಗಂಟೆಯ ರೀಡಿಂಗ್ ಯಾರದು, ಮೂರು ಗಂಟೆಯದು ಯಾರದು ಎಂದು ಚಹಾಕ್ಕೆ ಏಳುವ ಮೊದಲೇ ಹೆಸರು ಬರೆದುಕೊಳ್ಳಿ.